ಆಕಾಶದಲ್ಲಿ ಬಂಕ್ ಇಲ್ಲ: ಸಣ್ಣ ವಿಮಾನದ ಪೆಟ್ರೋಲ್ ನಡುದಾರಿಯಲ್ಲಿ ಮುಗಿಯದಂತೆ ಹಾರುವುದು ಹೇಗೆ

ಹಳೇ ಬೈಕ್ ಓಡಿಸಿದವರಿಗೆಲ್ಲ ಇದು ಗೊತ್ತು. ನಡುದಾರಿಯಲ್ಲಿ ಗಾಡಿ ಕೆಮ್ಮುತ್ತದೆ. ಎಡಗೈ ತಾನಾಗಿ ಕೆಳಗೆ ಹೋಗಿ ಪೆಟ್ರೋಲ್ ಕಾಕನ್ನು ರಿಸರ್ವ್‌ಗೆ ತಿರುಗಿಸುತ್ತದೆ. ಅದೂ ಮುಗಿಯಿತು ಅಂದರೆ ಗಾಡಿಯನ್ನು ಪಕ್ಕಕ್ಕೆ ವಾಲಿಸಿ, ಟ್ಯಾಂಕ್ ಅಲ್ಲಾಡಿಸಿ, ತಳದಲ್ಲಿ ಉಳಿದ ನಾಲ್ಕು ಹನಿಯಲ್ಲಿ ಬಂಕ್ ಮುಟ್ಟುತ್ತೇವೆ. ಅದೂ ಆಗದಿದ್ದರೆ ತಳ್ಳಿಕೊಂಡು ಹೋಗುತ್ತೇವೆ. ಬೆವರು ಹರಿಯುತ್ತದೆ, ಮರ್ಯಾದೆ ಸ್ವಲ್ಪ ಹೋಗುತ್ತದೆ, ಅಷ್ಟೇ.

ಸೆಸ್ನಾ 172 ಥರದ ನಾಲ್ಕು ಸೀಟಿನ ವಿಮಾನದಲ್ಲೂ ಇರುವುದು ಟ್ಯಾಂಕ್, ಪೈಪು, ಕಾಕ್, ಎಂಜಿನ್ನೇ. ಆದರೆ ಅದರಲ್ಲಿ ರಿಸರ್ವ್‌ಗೆ ಅಂತ ಬೇರೆ ಕಾಕ್ ಇಲ್ಲ. ರಿಸರ್ವ್ ಇರುವುದು ಪೈಲಟ್‌ನ ಲೆಕ್ಕದಲ್ಲಿ ಮಾತ್ರ. ಲೆಕ್ಕ ತಪ್ಪಿದರೆ ತಳ್ಳಿಕೊಂಡು ಹೋಗಲು ಕೆಳಗೆ ರಸ್ತೆಯೂ ಇಲ್ಲ.

ಇದು ಎಲ್ಲೋ ಅಪರೂಪಕ್ಕೆ ನಡೆಯುವ ಮಾತಲ್ಲ. ಅಮೆರಿಕದ ಅಪಘಾತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ 2017ರಲ್ಲಿ ಒಂದು ಎಚ್ಚರಿಕೆ ಹೊರಡಿಸಿತು. 2011ರಿಂದ 2015ರವರೆಗೆ ವರ್ಷಕ್ಕೆ ಸರಾಸರಿ 50ಕ್ಕೂ ಹೆಚ್ಚು ಅಪಘಾತಗಳು ಇಂಧನದ ನಿರ್ವಹಣೆ ಸರಿಯಿಲ್ಲದೆ ಆಗಿದ್ದವು. ಅದರಲ್ಲಿ ನನಗೆ ಅಚ್ಚರಿ ತಂದಿದ್ದು ಬೇರೆ. ಆ ಪೈಲಟ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಕಮರ್ಷಿಯಲ್ ಅಥವಾ ಏರ್‌ಲೈನ್ ಲೈಸೆನ್ಸ್ ಇದ್ದವರು. ವಿದ್ಯಾರ್ಥಿಗಳು ಬರೀ ಶೇ. 2. ಹೆಚ್ಚಿನ ಅಪಘಾತಗಳು ಹಗಲು ಹೊತ್ತಿನಲ್ಲಿ, ಒಳ್ಳೇ ಹವಾಮಾನದಲ್ಲೇ ಆಗಿವೆ. ಅಂದರೆ ಹೊಸಬ ಹೆದರಿ ನಾಲ್ಕು ಸಲ ಅಳೆಯುತ್ತಾನೆ. ಪಳಗಿದವನು 'ಇದೆ ಬಿಡು, ಸಾಕಾಗುತ್ತೆ' ಅಂತ ಹತ್ತಿ ಕೂರುತ್ತಾನೆ.

ಜಕ್ಕೂರಿನಲ್ಲೋ ಕಲಬುರಗಿಯಲ್ಲೋ ಬೆಳಗಾವಿಯಲ್ಲೋ ಕಲಿಯುತ್ತಿರುವವರಿಗೆ, ಫ್ಲೋರಿಡಾ, ಅರಿಜೋನಾ ಕಡೆ ಹೋಗಿ ಗಂಟೆ ಕೂಡಿಸುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಇನ್‌ಸ್ಟ್ರಕ್ಟರ್ ಹೇಳಿದ್ದಕ್ಕೂ ವಿಮಾನದ ಕೈಪಿಡಿಗೂ ಇದು ಬದಲಿ ಅಲ್ಲ. ಅವೆರಡರ ಜೊತೆಗಿಟ್ಟು ಓದಿಕೊಳ್ಳಿ.

ಮೊದಲು: 'ಖಾಲಿ'ಯಲ್ಲಿ ಎರಡು ಬಗೆ

ಎಂಜಿನ್‌ಗೆ ಪೆಟ್ರೋಲ್ ಸಿಗದೆ ಹೋಗುವುದು ಎರಡು ರೀತಿ. ಮನೆಯಲ್ಲಿ ಅಕ್ಕಿಯೇ ಮುಗಿದಿರುವುದು ಒಂದು. ಇದಕ್ಕೆ ಫ್ಯೂಯಲ್ ಎಕ್ಸಾಸ್ಚನ್ ಅನ್ನುತ್ತಾರೆ. ಅಕ್ಕಿ ಮೂಟೆ ಇದೆ, ಆದರೆ ಉಗ್ರಾಣಕ್ಕೆ ಬೀಗ ಬಿದ್ದಿದೆ ಅನ್ನುವುದು ಇನ್ನೊಂದು. ಅದು ಫ್ಯೂಯಲ್ ಸ್ಟಾರ್ವೇಶನ್. ಎಡ ಟ್ಯಾಂಕ್ ಬರಿದಾಗಿ ಎಂಜಿನ್ ನಿಂತಿರುತ್ತದೆ, ಬಲ ಟ್ಯಾಂಕಿನಲ್ಲಿ ಇನ್ನೂ ಒಂದೂವರೆ ಗಂಟೆಯ ಪೆಟ್ರೋಲ್ ಹಾಗೇ ಕೂತಿರುತ್ತದೆ. ಎನ್‌ಟಿಎಸ್‌ಬಿ ಲೆಕ್ಕದಲ್ಲಿ ಮೊದಲನೆಯದು ಶೇ. 56, ಎರಡನೆಯದು ಶೇ. 35.

ಎರಡನೆಯದು ಎಷ್ಟು ಕ್ರೂರ ಅನ್ನುವುದಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಘಟನೆ ಸಾಕು. 2013ರ ನವೆಂಬರ್ 29ರ ರಾತ್ರಿ ಪೊಲೀಸರ ಇಸಿ135 ಹೆಲಿಕಾಪ್ಟರ್ ಕ್ಲೂಥಾ ಎಂಬ ಪಬ್‌ನ ಚಾವಣಿ ಮೇಲೆ ಬಿತ್ತು. 10 ಮಂದಿ ಸತ್ತರು. ಅದರ ಮುಖ್ಯ ಟ್ಯಾಂಕಿನಲ್ಲಿ 70 ಕಿಲೋಗೂ ಜಾಸ್ತಿ ಇಂಧನ ಉಳಿದಿತ್ತು. ಆದರೆ ಅಲ್ಲಿಂದ ಎಂಜಿನ್‌ಗಳಿಗೆ ಇಂಧನ ಕೊಡುವ ಚಿಕ್ಕ ಟ್ಯಾಂಕ್‌ಗಳಿಗೆ ಇಂಧನ ತಳ್ಳುವ ಎರಡೂ ಪಂಪ್‌ಗಳ ಸ್ವಿಚ್ ಆಫ್ ಆಗಿತ್ತು. ಇಂಧನ ಕಡಿಮೆ ಇದೆ ಅನ್ನುವ ದೀಪಗಳೂ ಹತ್ತಿದ್ದವು.

ಹಂತ 1: ಕೈಪಿಡಿ ತೆಗೆದು ನಾಲ್ಕು ಅಂಕಿ ಬರೆದುಕೊಳ್ಳಿ

ಬೇಕಾದ ಅಂಕಿ ಇವು: ಟ್ಯಾಂಕಿನ ಒಟ್ಟು ಅಳತೆ, ಅದರಲ್ಲಿ ಬಳಸಲು ಸಿಗುವಷ್ಟು, ಗಂಟೆಗೆ ಕುಡಿಯುವಷ್ಟು, ಸ್ಟಾರ್ಟ್‌ನಿಂದ ಟೇಕಾಫ್‌ವರೆಗೆ ಖರ್ಚಾಗುವಷ್ಟು.

ಒಟ್ಟು ಮತ್ತು 'ಬಳಸಲು ಸಿಗುವಷ್ಟು' ಒಂದೇ ಅಲ್ಲ. ಸೆಸ್ನಾ 172ಎಸ್‌ನಲ್ಲಿ ಒಟ್ಟು 56 ಗ್ಯಾಲನ್ (ಅಮೆರಿಕನ್ ಗ್ಯಾಲನ್, ಸುಮಾರು 3.8 ಲೀಟರ್), ಬಳಸಲು ಸಿಗುವುದು 53. ತಳದ ಆ 3 ಗ್ಯಾಲನ್ ನಿಮ್ಮದಲ್ಲ. ಸಿಲಿಂಡರ್ ಮುಗಿಯುವಾಗ ಬಗ್ಗಿಸಿ ಅಲ್ಲಾಡಿಸಿ ಇನ್ನೊಂದು ಲೋಟ ಕಾಫಿ ಮಾಡುತ್ತೇವಲ್ಲ, ಆ ಬುದ್ಧಿ ಇಲ್ಲಿ ಬೇಡ.

ಹೆಸರು ಒಂದೇ ಇದ್ದರೂ ಎಲ್ಲ 172ಗಳ ಟ್ಯಾಂಕ್ ಒಂದೇ ಥರ ಇಲ್ಲ ಅನ್ನುವುದೂ ನೆನಪಿರಲಿ. ಹಳೆಯ 172ಎನ್‌ನಲ್ಲಿ ಸಾಮಾನ್ಯ ಟ್ಯಾಂಕ್ ಇದ್ದರೆ ಬಳಸಲು ಸಿಗುವುದು 40 ಗ್ಯಾಲನ್, ದೊಡ್ಡ ಟ್ಯಾಂಕ್ ಇದ್ದರೆ 50. ಪಕ್ಕದಲ್ಲಿ ನಿಂತ ಸೆಸ್ನಾ 152ಕ್ಕೆ ಬರೀ 24.5. ನಿನ್ನೆ ಹಾರಿದ ವಿಮಾನದ ಅಂಕಿಯನ್ನು ಇವತ್ತಿನ ವಿಮಾನಕ್ಕೆ ಹಾಕಿದರೆ ಅಲ್ಲೇ ಒಂದು ಗಂಟೆ ಆಚೀಚೆ ಆಯಿತು.

ಆಮೇಲೆ ಗ್ಯಾಲನ್ನನ್ನು ಮರೆತು ಎಲ್ಲವನ್ನೂ ಗಂಟೆ-ನಿಮಿಷಕ್ಕೆ ತನ್ನಿ. 'ಅರ್ಧ ಟ್ಯಾಂಕ್ ಇದೆ' ಅನ್ನುವ ಮಾತಿಗೆ ಗಾಳಿಯಲ್ಲಿ ಅರ್ಥ ಇಲ್ಲ. 'ಹನ್ನೊಂದು ಮುಕ್ಕಾಲಿಗೆ ಎಂಜಿನ್ ನಿಲ್ಲುತ್ತದೆ' ಅನ್ನುವುದಕ್ಕೆ ಇದೆ.

ಹಂತ 2: ಗಾಳಿ ಸೇರಿಸಿ ಲೆಕ್ಕ ಹಾಕಿ

ಇಲ್ಲಿ ಒಂದು ಲೆಕ್ಕವನ್ನು ಪೂರ್ತಿ ಮಾಡಿಯೇ ತೋರಿಸುತ್ತೇನೆ. ಪೆನ್ನು ಹಿಡಿದು ಕೂತರೆ ಒಳ್ಳೆಯದು.

ವಿಮಾನ 172ಎಸ್. ಹೋಗಬೇಕಾದ ದೂರ 250 ನಾಟಿಕಲ್ ಮೈಲಿ. ಗಾಳಿಯಲ್ಲಿ ವೇಗ 115 ನಾಟ್, ಅಂದರೆ ಗಂಟೆಗೆ 115 ನಾಟಿಕಲ್ ಮೈಲಿ. ಟ್ಯಾಂಕಿನ ಬಾಯೊಳಗೆ ಕಾಣುವ ಪಟ್ಟಿಯ ತನಕ ತುಂಬಿಸಿದ್ದೀರಿ. ಅದಕ್ಕೆ ಟ್ಯಾಬ್ ತನಕ ಅನ್ನುತ್ತಾರೆ. ಎರಡೂ ಕಡೆ ಸೇರಿ ಬಳಸಲು ಸಿಗುವುದು 35 ಗ್ಯಾಲನ್, ಅಂದರೆ ಸುಮಾರು 132 ಲೀಟರ್.

ಗಾಳಿಯೇ ಇಲ್ಲದಿದ್ದರೆ 2 ಗಂಟೆ 10 ನಿಮಿಷದ ದಾರಿ. ಈಗ 20 ನಾಟ್ ಎದುರುಗಾಳಿ ಇದೆ ಅಂದುಕೊಳ್ಳಿ. ನೆಲದ ಮೇಲಿನ ವೇಗ 95ಕ್ಕೆ ಇಳಿಯಿತು. ಅದೇ ದಾರಿಗೆ 2 ಗಂಟೆ 38 ನಿಮಿಷ ಬೇಕು. ಹೆಚ್ಚಾಗಿದ್ದು 28 ನಿಮಿಷ. ಈ 28 ಅನ್ನು ಸ್ವಲ್ಪ ನೋಡಿ. ಅಮೆರಿಕದ ನಿಯಮದಲ್ಲಿ ಹಗಲು ಹೊತ್ತು ಕಣ್ಣಿಗೆ ಕಾಣುವ ನೆಲ ನೋಡಿಕೊಂಡು ಹಾರುವಾಗ, ಗುರಿ ಮುಟ್ಟಿದ ಮೇಲೂ 30 ನಿಮಿಷ ಹಾರುವಷ್ಟು ಇಂಧನ ಇಟ್ಟುಕೊಂಡೇ ಹೊರಡಬೇಕು. ರಾತ್ರಿಯಾದರೆ 45 ನಿಮಿಷ. ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಒಂದು ಸಾಧಾರಣ ಎದುರುಗಾಳಿ ಆ ಹಗಲಿನ ರಿಸರ್ವ್ ಅನ್ನು ಒಬ್ಬಂಟಿಯಾಗಿ ತಿಂದುಹಾಕುತ್ತದೆ. ಯಾರೂ ತಪ್ಪು ಮಾಡಲಿಲ್ಲ, ಯಾವ ಪೈಪೂ ಸೋರಲಿಲ್ಲ, ಸುಮ್ನೆ ಗಾಳಿ ಬೀಸಿತು.

ಈಗ ಇಂಧನ. ಕೈಪಿಡಿ ಗಂಟೆಗೆ 9 ಗ್ಯಾಲನ್, ಅಂದರೆ 34 ಲೀಟರ್ ಅನ್ನಬಹುದು. ನಾನು 38 ಹಿಡಿಯುತ್ತೇನೆ. ಕೈಪಿಡಿಯ ಎಂಜಿನ್ ಹೊಸದು, ಅದನ್ನು ಹಾರಿಸಿದವನು ಕಂಪನಿಯ ಪೈಲಟ್. ನಮ್ಮ ಎಂಜಿನ್ನೂ ಹಾಗಿಲ್ಲ, ನಾವೂ ಹಾಗಿಲ್ಲ. 2 ಗಂಟೆ 38 ನಿಮಿಷಕ್ಕೆ 100 ಲೀಟರ್. ಸ್ಟಾರ್ಟ್, ಟ್ಯಾಕ್ಸಿ, ಟೇಕಾಫ್‌ಗೆ 5. ಮೇಲೇರುವಾಗಿನ ಹೆಚ್ಚುವರಿ ಇನ್ನೊಂದು 5. ಒಟ್ಟು 110. ಉಳಿದಿದ್ದು 22 ಲೀಟರ್, ಹೆಚ್ಚೆಂದರೆ 35 ನಿಮಿಷ.

ನಿಯಮದ ಪ್ರಕಾರ ಪಾಸು. ನನ್ನ ಪ್ರಕಾರ ಫೇಲು. ಹೋದ ಕಡೆ ರನ್‌ವೇ ಮೇಲೆ ಯಾರದ್ದೋ ಟೈರ್ ಒಡೆದು ಕೂತಿದ್ದರೆ? ಡಿಸೆಂಬರ್‌ ಮುಂಜಾನೆ ಬೆಂಗಳೂರಿನ ಮಂಜು ಹೇಳಿದ ಹೊತ್ತಿಗೆ ಕರಗದಿದ್ದರೆ? ಇಳಿಯುವಾಗ ಟ್ಯಾಂಕಿನಲ್ಲಿ ಒಂದು ಗಂಟೆಯ ಇಂಧನ ಇರಬೇಕು ಅನ್ನುವುದನ್ನು ನಿಮ್ಮ ಸ್ವಂತ ಕಾನೂನು ಮಾಡಿಕೊಳ್ಳಿ. ಆಗ ಮೇಲಿನ ದಾರಿಗೆ 148 ಲೀಟರ್ ಬೇಕು, ಇರುವುದು 132. ಒಂದೋ ಇನ್ನಷ್ಟು ತುಂಬಿಸಿ, ಇಲ್ಲವೇ ನಡುವೆ ಇಳಿದು ಹಾಕಿಸಿ.

ನಡುವೆ ಇಳಿಯುವುದಾದರೆ ಅಲ್ಲಿ ಅವ್‌ಗ್ಯಾಸ್ (ಸಣ್ಣ ವಿಮಾನಕ್ಕೆ ಹಾಕುವ ಪೆಟ್ರೋಲ್) ಸಿಗುತ್ತದೆಯೇ ಅಂತ ಫೋನ್ ಮಾಡಿ ಕೇಳಿ. ಅಮೆರಿಕದಲ್ಲಿ ಚಿಕ್ಕ ಊರಿನ ಏರ್‌ಪೋರ್ಟ್‌ನಲ್ಲೂ ಕಾರ್ಡ್ ಉಜ್ಜಿ ಹಾಕಿಸಿಕೊಳ್ಳುವ ಪಂಪ್ ಇರುವುದುಂಟು. ನಮ್ಮಲ್ಲಿ ಆ ಸುಖ ಇಲ್ಲ. ಅವ್‌ಗ್ಯಾಸ್ ಇಡುವ ಜಾಗಗಳೇ ಕಡಿಮೆ. 2022ರಲ್ಲಿ ಇಂಡಿಯನ್ ಆಯಿಲ್ ಇಲ್ಲೇ ತಯಾರಿಸಲು ಶುರು ಮಾಡುವ ತನಕ ಹೊರದೇಶದಿಂದಲೇ ಬರುತ್ತಿತ್ತು.

ಹಂತ 3: ತೂಕದ ಜೊತೆ ಜಗಳ

'ಹಾಗಾದರೆ ಯಾವಾಗಲೂ ಫುಲ್ ಟ್ಯಾಂಕ್ ಮಾಡಿಸಿದರಾಯಿತು' ಅಂತೀರಿ. ಅವ್‌ಗ್ಯಾಸ್ ಲೀಟರಿಗೆ ಸುಮಾರು 0.72 ಕಿಲೋ ತೂಗುತ್ತದೆ. 132 ಲೀಟರ್ ಅಂದರೆ 95 ಕಿಲೋ, ಪೂರ್ತಿ 200 ಲೀಟರ್ ಅಂದರೆ 144. ಮಧ್ಯೆ 49 ಕಿಲೋ, ಅಂದರೆ ಬ್ಯಾಗು ಸಮೇತ ಒಬ್ಬ ಸಣ್ಣ ಹುಡುಗ. ನಾಲ್ಕು ಸೀಟಿನ ವಿಮಾನದಲ್ಲಿ ನಾಲ್ಕು ದೊಡ್ಡವರು, ಲಗೇಜು, ಫುಲ್ ಟ್ಯಾಂಕ್, ಮೂರೂ ಒಟ್ಟಿಗೆ ಆಗುವುದಿಲ್ಲ. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಭಾರ ಜಾಸ್ತಿಯಾದರೆ ರನ್‌ವೇ ಕೊನೆ ಬೇಗ ಬರುತ್ತದೆ.

ತೂಕ ಇಳಿಸಲೇಬೇಕು ಅಂದಾಗ ಇಂಧನ ಬಿಟ್ಟು ಬೇರೇನಾದರೂ ಇಳಿಸಿ. ಇಳಿಯುವುದು ಅತ್ತೆಯ ಸೂಟ್‌ಕೇಸ್ ಆಗಿದ್ದರೆ ಅದನ್ನು ಹೇಳುವ ಧೈರ್ಯವೂ ಪೈಲಟ್ ಕೆಲಸದ ಭಾಗವೇ.

ಹಂತ 4: ಕಡ್ಡಿ ಅದ್ದಿ ನೋಡಿ

ರೆಕ್ಕೆ ಹತ್ತಿ ಟ್ಯಾಂಕಿನ ಮುಚ್ಚಳ ತೆಗೆದು ಕಣ್ಣಿಂದ ನೋಡುವುದಕ್ಕೆ, ಅಳತೆ ಕಡ್ಡಿ ಅದ್ದುವುದಕ್ಕೆ ಬದಲಿ ಯಾವುದೂ ಇಲ್ಲ. 'ಬೆಳಗ್ಗೆ ತುಂಬಿಸಿದ್ದೀನಿ ಸಾರ್' ಅನ್ನುವ ಮಾತು ಬದಲಿ ಅಲ್ಲ. ವಿಮಾನದ ದಾಖಲೆ ಪುಸ್ತಕ ಟೆಕ್ ಲಾಗ್‌ನಲ್ಲಿ ಬರೆದ ಅಂಕಿಯೂ ಅಲ್ಲ.

ಕ್ರಮ ಹೀಗಿರಲಿ. ವಿಮಾನ ಸಮತಟ್ಟು ನೆಲದಲ್ಲಿ ನಿಂತಿದೆಯೇ ನೋಡಿ. ಒಂದು ಪಕ್ಕಕ್ಕೆ ವಾಲಿದ್ದರೆ ಕಡ್ಡಿ ಸುಳ್ಳು ಹೇಳುತ್ತದೆ. ಕಡ್ಡಿಯನ್ನು ಒಣಬಟ್ಟೆಯಲ್ಲಿ ಒರೆಸಿ. ನೇರವಾಗಿ, ತಳ ಮುಟ್ಟುವ ತನಕ ಇಳಿಸಿ, ಮೇಲೆ ತಂದ ತಕ್ಷಣ ಓದಿ. ಬಿಸಿಲಿನಲ್ಲಿ ಅವ್‌ಗ್ಯಾಸ್ ಗುರುತು ಕಣ್ಣೆದುರೇ ಆರಿಹೋಗುತ್ತದೆ. ಎರಡೂ ರೆಕ್ಕೆ ಅಳೆದು, ಆ ಅಂಕಿಯನ್ನು ಅಲ್ಲೇ ಬರೆದುಕೊಳ್ಳಿ.

ಕಡ್ಡಿ ಆ ವಿಮಾನದ್ದೇ ಆಗಿರಬೇಕು. ನಾನು ಕಲಿಯುವಾಗ ಒಂದು ಬೆಳಗ್ಗೆ ಬೇಗ ಹೊರಡುವ ಗಡಿಬಿಡಿಯಲ್ಲಿ ಹ್ಯಾಂಗರ್ ಗೋಡೆಗೆ ಒರಗಿಸಿದ್ದ ಕಡ್ಡಿ ತಂದು ಅದ್ದಿದೆ. ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿಯೇ ತೋರಿಸಿತು. ಖುಷಿಯಾಯಿತು. ನಮ್ಮ ಇನ್‌ಸ್ಟ್ರಕ್ಟರ್ ಏನೂ ಮಾತಾಡದೆ ಕಡ್ಡಿಯ ತುದಿಯನ್ನು ನನ್ನ ಮುಖದ ಹತ್ತಿರ ಹಿಡಿದರು. ಅದರ ಮೇಲೆ ಮಾರ್ಕರ್‌ನಲ್ಲಿ ಬರೆದ ರಿಜಿಸ್ಟ್ರೇಶನ್ ಬೇರೆ ವಿಮಾನದ್ದು, ಅಕ್ಷರ ಅರ್ಧ ಅಳಿಸಿಹೋಗಿತ್ತು. ಆ ವಿಮಾನದ ಟ್ಯಾಂಕ್ ದೊಡ್ಡದು. ಅದರ ಕಡ್ಡಿಯಲ್ಲಿ ಒಂದಿಂಚಿಗೆ ಬರೆದ ಲೀಟರ್ ನಮ್ಮ ಟ್ಯಾಂಕಿನ ಒಂದಿಂಚಿನಲ್ಲಿ ಇರಲಿಲ್ಲ. ಅವತ್ತಿನಿಂದ ನಾನು ಕಡ್ಡಿ ಕೈಗೆತ್ತಿಕೊಂಡರೆ ಮೊದಲು ಹೆಸರು ಓದುತ್ತೇನೆ.

ನೋಡುವಾಗಲೇ ಇನ್ನೂ ಮೂರು ಕೆಲಸ ಮುಗಿಸಿ. ಮುಚ್ಚಳ ಸರಿಯಾಗಿ ಕೂತಿದೆಯೇ? ಹಾರುವಾಗ ರೆಕ್ಕೆಯ ಮೇಲೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಸಡಿಲ ಮುಚ್ಚಳದಿಂದ ಇಂಧನವನ್ನು ಅದು ಸ್ಟ್ರಾ ಹಾಕಿ ಹೀರಿದ ಹಾಗೆ ಹೀರುತ್ತದೆ. ರೆಕ್ಕೆಯ ಮೇಲೆ ನೀಲಿ ಕಲೆ ಕಂಡರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಕೆಳಗಿನ ಡ್ರೈನ್‌ನಿಂದ ಸ್ವಲ್ಪ ತೆಗೆದು ಬೆಳಕಿಗೆ ಹಿಡಿಯಿರಿ. 100ಎಲ್ಎಲ್ ಅವ್‌ಗ್ಯಾಸ್ ತಿಳಿನೀಲಿ ಇರಬೇಕು. ತಳದಲ್ಲಿ ನೀರಿನ ಗುಳ್ಳೆ ಇರಬಾರದು. ಬಣ್ಣ ಇಲ್ಲದೆ ಅಥವಾ ಹುಲ್ಲಿನ ಬಣ್ಣಕ್ಕಿದ್ದು ಸೀಮೆಎಣ್ಣೆ ವಾಸನೆ ಬಂದರೆ ಅದು ಜೆಟ್ ಇಂಧನ. ಅಲ್ಲಿಗೆ ಅವತ್ತಿನ ಹಾರಾಟ ಮುಗಿಯಿತು.

ಇನ್ನು ಅಳತೆಯ ಭಾಷೆ. ಬೌಸರ್‌ನವರು, ಅಂದರೆ ಇಂಧನದ ಟ್ಯಾಂಕರ್‌ನವರು, ಲೀಟರ್‌ನಲ್ಲಿ ಹಾಕುತ್ತಾರೆ, ಕೈಪಿಡಿ ಅಮೆರಿಕನ್ ಗ್ಯಾಲನ್‌ನಲ್ಲಿ ಇದೆ, ತೂಕದ ಹಾಳೆ ಪೌಂಡ್ ಕೇಳುತ್ತದೆ. ಒಂದು ಅಮೆರಿಕನ್ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546. 1983ರಲ್ಲಿ ಏರ್ ಕೆನಡಾದ ಹೊಚ್ಚ ಹೊಸ ಬೋಯಿಂಗ್ 767, ಕಿಲೋ ಹಾಕಬೇಕಾದ ಕಡೆ ಪೌಂಡ್‌ನ ಗುಣಕ ಹಾಕಿದ್ದರಿಂದ ಅರ್ಧಕ್ಕಿಂತ ಕಡಿಮೆ ಇಂಧನದಲ್ಲಿ ಹೊರಟು, ಎರಡೂ ಎಂಜಿನ್ ನಿಂತು, ಗಿಮ್ಲಿ ಎಂಬಲ್ಲಿ ತೇಲಿಕೊಂಡು ಬಂದು ಇಳಿಯಿತು. ಅಲ್ಲಿ ಲೆಕ್ಕ ಮಾಡಿದವರು ಒಬ್ಬಿಬ್ಬರಲ್ಲ. ನೀವು ಒಬ್ಬರೇ. ಹಾಗಾಗಿ ಒಂದೇ ಅಳತೆಯಲ್ಲಿ ಬರೆದ ಪಟ್ಟಿಯನ್ನು ಮೊಣಕಾಲಿನ ಮೇಲೆ ಕಟ್ಟಿಕೊಳ್ಳುವ ಬೋರ್ಡಿಗೆ ಅಂಟಿಸಿಕೊಳ್ಳಿ.

ಹಂತ 5: ಸೆಲೆಕ್ಟರ್‌ಗೆ ಕೈ ಹಾಕಿ ತಿರುಗಿಸಿ ನೋಡಿ

1997ರ ಅಕ್ಟೋಬರ್ 12. ಕ್ಯಾಲಿಫೋರ್ನಿಯಾದ ಮಾಂಟೆರೇ ಏರ್‌ಪೋರ್ಟ್. ಅಮೆರಿಕದ ಹೆಸರಾಂತ ಗಾಯಕ ಜಾನ್ ಡೆನ್ವರ್ ಆಗಷ್ಟೇ ಕೊಂಡ ಲಾಂಗ್-ಈಜೀ ವಿಮಾನ ಹೊರಡಿಸಲು ನಿಂತಿದ್ದರು. ಅವರು ಹೊಸಬರಲ್ಲ, 2,700 ಗಂಟೆಗೂ ಜಾಸ್ತಿ ಹಾರಿದವರು. ಅದು ಒಬ್ಬರು ಮನೆಯಲ್ಲಿ ಕಟ್ಟಿದ ವಿಮಾನ. ಮೂಲ ನಕ್ಷೆಯಲ್ಲಿ ಪೈಲಟ್‌ನ ಕಾಲುಗಳ ನಡುವೆ ಇದ್ದ ಫ್ಯೂಯಲ್ ಸೆಲೆಕ್ಟರ್ ಅನ್ನು (ಯಾವ ಟ್ಯಾಂಕಿನಿಂದ ಇಂಧನ ಬರಬೇಕು ಅಂತ ಆರಿಸುವ ಕಾಕ್) ಕಟ್ಟಿದವರು ಎಡಭುಜದ ಹಿಂದಕ್ಕೆ ಇಟ್ಟಿದ್ದರು. ಬೆಲ್ಟ್ ಹಾಕಿ ಕೂತರೆ ಕೈ ಎಟುಕುವುದು ಕಷ್ಟ, ತಿರುಗಿಸುವುದು ಇನ್ನೂ ಕಷ್ಟ. ಇಂಧನ ತೋರಿಸುವ ಗಾಜಿನ ಗೇಜ್‌ಗಳೂ ಬೆನ್ನ ಹಿಂದೆಯೇ.

ಹೊರಡುವ ಮುಂಚೆ ಅಲ್ಲಿದ್ದ ಮೆಕ್ಯಾನಿಕ್ ಜೊತೆ ಇದರ ಬಗ್ಗೆಯೇ ಮಾತಾಯಿತು. ಹಿಡಿಕೆಗೆ ಲಾಕ್ ಆಗುವ ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಸರಿ ಹೋಗಲಿಲ್ಲ. ಹಿಂದಿನ ಗೇಜ್ ನೋಡಲು ಮೆಕ್ಯಾನಿಕ್ ಒಂದು ಕನ್ನಡಿ ಕೊಟ್ಟರು. ಟ್ಯಾಂಕ್ ಬದಲಿಸುವಾಗ ಆಟೋಪೈಲಟ್ ಹಾಕಿಕೊಳ್ಳುತ್ತೇನೆ ಅಂದರು ಡೆನ್ವರ್. ಇಂಧನ ಹಾಕಿಸಲಾ ಅಂದಾಗ ಬೇಡ, ಒಂದು ಗಂಟೆಯಷ್ಟೇ ಹಾರುವುದು ಅಂದರು. ಸಂಜೆ ಐದು ಗಂಟೆ ದಾಟಿದ ಮೇಲೆ ಮೇಲೇರಿ ಕೆಲವು ಸಲ ಇಳಿದು ಹತ್ತಿ ಅಭ್ಯಾಸ ಮಾಡಿ ಸಮುದ್ರದ ಕಡೆ ಹೋದರು. ಕೆಲವೇ ನಿಮಿಷಕ್ಕೆ, ಸುಮಾರು 500 ಅಡಿ ಎತ್ತರದಿಂದ, ವಿಮಾನ ಬಲಕ್ಕೆ ವಾಲಿ ಮೂತಿ ಕೆಳಗೆ ಮಾಡಿ ನೀರಿಗೆ ಬಿತ್ತು. ತನಿಖೆಯ ಪ್ರಕಾರ, ಹಿಂದೆ ತಿರುಗಿ ಸೆಲೆಕ್ಟರ್ ಎಳೆಯುವಾಗ ಅವರ ಬಲಗಾಲು, ವಿಮಾನದ ಮೂತಿಯನ್ನು ಪಕ್ಕಕ್ಕೆ ತಿರುಗಿಸುವ ರಡರ್ ಪೆಡಲನ್ನು ಒತ್ತಿಬಿಟ್ಟಿತ್ತು. ಇಂಧನ ಹಾಕಿಸದೆ ಹೊರಟಿದ್ದನ್ನೂ ತನಿಖೆ ಕಾರಣಗಳಲ್ಲಿ ಸೇರಿಸಿತು.

ಹಿಂದೆ ಕೈ ಚಾಚಿ, ಮೈ ತಿರುಚಿ, ಕಾಲು ತಾನಾಗಿ ನೆಟ್ಟಗಾಗುವುದನ್ನು ನಿಮ್ಮ ಕುರ್ಚಿಯಲ್ಲೇ ಈಗ ಮಾಡಿ ನೋಡಿ. ಎಡಭುಜದ ಹಿಂದಕ್ಕೆ ಬಲಗೈ ಹೋಗಬೇಕಾದರೆ ಬಲಗಾಲು ನೆಲ ಒದೆಯುತ್ತದೆ.

ಆದ್ದರಿಂದ ಯಾವುದೇ ಹೊಸ ವಿಮಾನದಲ್ಲಿ ಕೂತ ತಕ್ಷಣ ಬೆಲ್ಟ್ ಹಾಕಿಕೊಂಡು ಸೆಲೆಕ್ಟರ್ ಹಿಡಿದು, ನೋಡದೆ, ಎಲ್ಲ ಸ್ಥಾನಕ್ಕೂ ತಿರುಗಿಸಿ. ಸೆಸ್ನಾ 172ರಲ್ಲಿ ಎಡ, ಬಲ ಜೊತೆಗೆ 'ಎರಡೂ' ಅನ್ನುವ ಸ್ಥಾನ ಇದೆ. ರೆಕ್ಕೆ ಬಾಡಿಯ ಕೆಳಭಾಗದಲ್ಲಿರುವ ಪೈಪರ್ ಪಿಎ-28ರಲ್ಲಿ ಅದಿಲ್ಲ. ಎಡ, ಬಲ, ಬಂದ್, ಅಷ್ಟೇ. ಸೆಸ್ನಾದಲ್ಲಿ ಕಲಿತು ಪೈಪರ್ ಹತ್ತಿದವರು ಟ್ಯಾಂಕ್ ಬದಲಿಸಲು ಮರೆಯುವುದು ಇಲ್ಲೇ. ಟೇಕಾಫ್‌ಗೆ ಜಾಸ್ತಿ ಇರುವ ಟ್ಯಾಂಕ್ ಹಾಕಿ, ಎಂಜಿನ್ ಪರೀಕ್ಷೆಯನ್ನೂ ಅದೇ ಟ್ಯಾಂಕಿನಲ್ಲಿ ಮಾಡಿ. ರನ್‌ವೇ ಅಂಚಿಗೆ ಬಂದ ಮೇಲೆ ಬದಲಿಸಬೇಡಿ. ಪೈಪಿನಲ್ಲಿ ಉಳಿದಿದ್ದು ಮುಗಿದು ಹೊಸ ಟ್ಯಾಂಕಿನ ತೊಂದರೆ ಗೊತ್ತಾಗುವ ಹೊತ್ತಿಗೆ ನೀವು ಮರಗಳ ಮೇಲಿರುತ್ತೀರಿ.

ಹಂತ 6: ಮೇಲೆ ಹೋದ ಮೇಲೆ ಗಡಿಯಾರ ನೋಡಿ, ಗೇಜ್ ಆಮೇಲೆ

ಟೇಕಾಫ್ ಸಮಯ ಬರೆಯಿರಿ. ಅದರ ಕೆಳಗೆ, ದಪ್ಪಕ್ಷರದಲ್ಲಿ, 'ಇಷ್ಟು ಗಂಟೆಗೆ ನೆಲದ ಮೇಲಿರಬೇಕು' ಅನ್ನುವ ಸಮಯ ಬರೆಯಿರಿ. ಆ ಸಮಯ ನೆಲದಲ್ಲಿ, ತಲೆ ತಣ್ಣಗಿರುವಾಗ ನಿರ್ಧಾರ ಆಗಿದ್ದು. ಮೇಲೆ ಹೋಗಿ ಅದರ ಜೊತೆ ಚೌಕಾಸಿ ಇಲ್ಲ.

ಪ್ರತಿ 30 ನಿಮಿಷಕ್ಕೆ ಟೈಮರ್ ಇಡಿ. ಅದು ಕೂಗಿದಾಗ ಮೂರು ಕೆಲಸ: ಟ್ಯಾಂಕ್ ಬದಲಿಸಬೇಕಾದ ವಿಮಾನವಾದರೆ ಬದಲಿಸಿ, ನೆಲದ ಮೇಲಿನ ನಿಜವಾದ ವೇಗ ನೋಡಿ, ಉಳಿದ ದಾರಿಗೆ ಎಷ್ಟು ನಿಮಿಷ ಬೇಕು, ಎಷ್ಟು ನಿಮಿಷದ ಇಂಧನ ಇದೆ ಅಂತ ಪಕ್ಕಪಕ್ಕ ಬರೆಯಿರಿ. ಟ್ಯಾಂಕ್ ಬದಲಿಸಿದ ಮೇಲೆ ಒಂದೆರಡು ನಿಮಿಷ ಎಂಜಿನ್ ಸದ್ದಿಗೆ ಕಿವಿ ಕೊಡಿ. ಇಂಥ ಬದಲಾವಣೆಯನ್ನು ಇಳಿಯಲು ಜಾಗ ಇರುವ ಕಡೆ ಮಾಡುವುದು ಜಾಣತನ, ಕಾಡಿನ ಮೇಲೋ ಹಿನ್ನೀರಿನ ಮೇಲೋ ಅಲ್ಲ.

ಗೇಜ್ ನಂಬಬೇಕೋ ಬೇಡವೋ ಅನ್ನುವ ಜಗಳ ಹಳೇದು. ಸಣ್ಣ ವಿಮಾನದ ಗೇಜ್ ತೇಲುವ ಬೆಂಡಿನ ಮೇಲೆ ನಿಂತಿದೆ. ತಿರುವಿನಲ್ಲಿ, ಗಾಳಿ ಕುಲುಕಾಟದಲ್ಲಿ ಮುಳ್ಳು ಕುಣಿಯುತ್ತದೆ. 'ಅದು ಹಾಗೇ ಬಿಡಿ' ಅಂತ ಕಡೆಗಣಿಸುವವರೇ ಜಾಸ್ತಿ. ನನ್ನ ನಿಯಮ ಸರಳ: ಲೆಕ್ಕ ಒಂದು ಹೇಳಿ ಗೇಜ್ ಇನ್ನೊಂದು ಹೇಳಿದರೆ, ಯಾವುದು ಕಡಿಮೆ ಹೇಳುತ್ತದೋ ಅದು ನಿಜ. ಮುಚ್ಚಳದಿಂದ ಸೋರುತ್ತಿದ್ದರೆ ಗಡಿಯಾರಕ್ಕೆ ಗೊತ್ತಾಗುವುದಿಲ್ಲ, ಗೇಜ್‌ಗೆ ಗೊತ್ತಾಗುತ್ತದೆ.

ಮಿಕ್ಸ್ಚರ್, ಅಂದರೆ ಎಂಜಿನ್‌ಗೆ ಹೋಗುವ ಗಾಳಿ-ಪೆಟ್ರೋಲ್ ಪ್ರಮಾಣ, ಮರೆಯಬೇಡಿ. ಕೈಪಿಡಿಯ ದೂರ, ಗಂಟೆ ಎಲ್ಲ ಸರಿಯಾಗಿ ಲೀನ್ ಮಾಡಿದ, ಅಂದರೆ ಪೆಟ್ರೋಲ್ ಪಾಲು ಕಡಿಮೆ ಮಾಡಿದ, ಎಂಜಿನ್ನಿನದು. ಮಿಕ್ಸ್ಚರ್‌ನ ಕೆಂಪು ಗುಂಡಿಯನ್ನು ಪೂರ್ತಿ ಒಳಗೆ ಬಿಟ್ಟು ಎರಡು ಗಂಟೆ ಹಾರಿದರೆ ಆ ಲೆಕ್ಕ ನಿಮ್ಮದಲ್ಲ. ಎಂಜಿನ್ ಹಾಳಾದೀತು ಅಂತ ಹೆದರಿ ಲೀನ್ ಮಾಡದವರನ್ನು ಬಹಳ ನೋಡಿದ್ದೇನೆ. ಎಷ್ಟು ಎತ್ತರದಲ್ಲಿ, ಎಷ್ಟು ಪವರ್‌ನಲ್ಲಿ ಹೇಗೆ ಮಾಡಬೇಕು ಅಂತ ಕೈಪಿಡಿ ಹೇಳುತ್ತದೆ, ಹಾಗೇ ಮಾಡಿ.

ಹಂತ 7: ಪಂಪ್ ಇರುವ ಏರ್‌ಪೋರ್ಟ್ ದಾಟುವ ಮುಂಚೆ

ಅದೇ ಎನ್‌ಟಿಎಸ್‌ಬಿ ಲೆಕ್ಕದ ಇಂಧನ ಅಪಘಾತಗಳಲ್ಲಿ ಮೂರನೇ ಎರಡರಷ್ಟು ಒಂದು ಊರಿಂದ ಇನ್ನೊಂದು ಊರಿಗೆ ಹೊರಟ ಹಾರಾಟಗಳು. ಕಾರಣ ಊಹಿಸುವುದು ಕಷ್ಟವಲ್ಲ. 'ಇನ್ನೇನು ಬಂದೇ ಬಿಡ್ತು' ಅನ್ನುವ ಮನಸ್ಸು. ಊರ ದೀಪ ಕಂಡ ಮೇಲೆ ಎತ್ತಿನ ನಡಿಗೆ ಚುರುಕಾಗುವ ಹಾಗೆ, ಮನೆ ಹತ್ತಿರವಾದಷ್ಟೂ ನಡುವೆ ಇಳಿಯಲು ಮನಸ್ಸು ಒಪ್ಪುವುದಿಲ್ಲ. ಇಳಿದರೆ ಲ್ಯಾಂಡಿಂಗ್ ಫೀ, ಅರ್ಧ ಗಂಟೆ ತಡ, ಹಿಂದೆ ಕೂತವರ ಗೊಣಗಾಟ.

ಅದಕ್ಕೆ ಹೊರಡುವ ಮುಂಚೆಯೇ ದಾರಿಯಲ್ಲಿ ಒಂದು ಜಾಗ ಗುರುತು ಮಾಡಿ. ಅಲ್ಲಿಗೆ ಬಂದಾಗ ಇಳಿಯುವಾಗಿನ ಇಂಧನ ಒಂದು ಗಂಟೆಗಿಂತ ಕಡಿಮೆ ಆಗುತ್ತದೆ ಅಂತ ಲೆಕ್ಕ ಹೇಳಿದರೆ, ಅಲ್ಲೇ ಇಳಿಯುವುದು. ಯೋಚನೆ ಮಾಡುವುದಿಲ್ಲ, ಇಳಿಯುವುದು.

ಹಂತ 8: ಬಾಯಿ ಬಿಟ್ಟು, ಸರಿಯಾದ ಪದದಲ್ಲಿ ಹೇಳಿ

ನೆಲದಿಂದ ರೇಡಿಯೋದಲ್ಲಿ ದಾರಿ ಹೇಳುವ ಕಂಟ್ರೋಲರ್‌ಗೆ ನಿಮ್ಮ ಟ್ಯಾಂಕ್ ಕಾಣುವುದಿಲ್ಲ. 1990ರ ಜನವರಿಯಲ್ಲಿ ನ್ಯೂಯಾರ್ಕ್ ಹತ್ತಿರ ಏವಿಯಾಂಕಾ 52 ವಿಮಾನ ಒಂದು ಗಂಟೆಗೂ ಮೀರಿ ಸುತ್ತು ಹಾಕಿ ಇಂಧನ ಮುಗಿದು ಬಿತ್ತು, 73 ಮಂದಿ ಸತ್ತರು. ಪೈಲಟ್‌ಗಳು ಇಂಧನ ಕಡಿಮೆಯಾಗುತ್ತಿದೆ ಅಂದಿದ್ದರು, ಆದ್ಯತೆ ಬೇಕು ಅಂದಿದ್ದರು. 'ಎಮರ್ಜೆನ್ಸಿ' ಅನ್ನಲಿಲ್ಲ. ದೊಡ್ಡ ವಿಮಾನದ ಕಥೆ, ಆದರೆ ಸಂಕೋಚ ಎಲ್ಲ ಅಳತೆಯ ವಿಮಾನದಲ್ಲೂ ಒಂದೇ.

ಈಗ ಜಗತ್ತಿನಾದ್ಯಂತ ನಿಗದಿಯಾದ ಮಾತುಗಳಿವೆ. ಒಂದೇ ಏರ್‌ಪೋರ್ಟ್‌ಗೆ ಬದ್ಧರಾಗಿದ್ದೀರಿ, ಇನ್ನು ತಡವಾದರೆ ನಿಯಮ ಕಡ್ಡಾಯ ಮಾಡಿದ ಕೊನೆಯ ರಿಸರ್ವ್‌ಗೆ ಕೈ ಹಾಕಬೇಕಾಗಬಹುದು ಅಂದರೆ 'ಮಿನಿಮಮ್ ಫ್ಯೂಯಲ್' ಅನ್ನಿ. ಇದು ಮುನ್ಸೂಚನೆ ಮಾತ್ರ, ಇದರಿಂದ ಯಾರೂ ದಾರಿ ಬಿಡಬೇಕಾಗಿಲ್ಲ. ಇಳಿಯುವಾಗ ಕೊನೆಯ ರಿಸರ್ವ್‌ಗಿಂತ ಕಡಿಮೆ ಇರುತ್ತದೆ ಅಂತ ಲೆಕ್ಕ ಹೇಳಿದ ಕ್ಷಣ 'ಮೇಡೇ ಮೇಡೇ ಮೇಡೇ ಫ್ಯೂಯಲ್' ಅನ್ನಿ. ಆಮೇಲೆ ಫಾರಂ ತುಂಬಬೇಕಾಗಬಹುದು, ಬೈಸಿಕೊಳ್ಳಬೇಕಾಗಬಹುದು. ಬೈಸಿಕೊಳ್ಳಿ.

ಹಂತ 9: ನಿಂತೇಹೋದರೆ

ಮೊದಲು ಮೂತಿ ಇಳಿಸಿ ಗ್ಲೈಡ್ ವೇಗ ಹಿಡಿಯಿರಿ. 172ಎಸ್‌ಗೆ ಅದು 68 ನಾಟ್. ಗಾಳಿ ಇಲ್ಲದಿದ್ದರೆ ಪ್ರತಿ 1,000 ಅಡಿಗೆ ಸುಮಾರು ಒಂದೂವರೆ ನಾಟಿಕಲ್ ಮೈಲಿ ತೇಲುತ್ತದೆ. ಇಳಿಯುವ ಜಾಗ ಆರಿಸಿ ಅದರ ಕಡೆ ತಿರುಗಿ. ಆಮೇಲೆ ಕೈ ಸೆಲೆಕ್ಟರ್‌ಗೆ: ಇನ್ನೊಂದು ಟ್ಯಾಂಕ್, ಅಥವಾ 'ಎರಡೂ'. ಫ್ಯೂಯಲ್ ಪಂಪ್ ಇದ್ದರೆ ಆನ್. ಮಿಕ್ಸ್ಚರ್ ಪೂರ್ತಿ ಒಳಗೆ. ಕಾರ್ಬ್ಯುರೇಟರ್ ಎಂಜಿನ್ ಆದರೆ ಅದರೊಳಗಿನ ಮಂಜು ಕರಗಿಸುವ ಕಾರ್ಬ್ ಹೀಟ್ ಆನ್. ಪೈಪಿನಲ್ಲಿ ಸೇರಿದ ಗಾಳಿ ಹೊರಹೋಗಿ ಎಂಜಿನ್ ಹತ್ತಿಕೊಳ್ಳಲು ಕೆಲವು ಸೆಕೆಂಡ್ ಬೇಕು. ಅಷ್ಟರಲ್ಲಿ ಗಾಬರಿಯಾಗಿ ಮತ್ತೆ ಹಿಂದಕ್ಕೆ ತಿರುಗಿಸಬೇಡಿ.

ಹತ್ತಿಕೊಳ್ಳದಿದ್ದರೆ ಮೇಡೇ ಹೇಳಿ, ರೇಡಾರ್‌ಗೆ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ ತುರ್ತಿನ ಕೋಡ್ 7700 ಹಾಕಿ. ಇಂಧನ ಬಂದ್, ಮಿಕ್ಸ್ಚರ್ ಹೊರಗೆ. ಬೆಲ್ಟ್ ಬಿಗಿ ಮಾಡಿ, ನೆಲ ಮುಟ್ಟುವ ಮುಂಚೆ ಬಾಗಿಲ ಚಿಲಕ ತೆಗೆಯಿರಿ, ಇಲ್ಲದಿದ್ದರೆ ಬಾಡಿ ಸೊಟ್ಟಗಾಗಿ ಬಾಗಿಲು ಸಿಕ್ಕಿಕೊಳ್ಳಬಹುದು. ಫ್ಲಾಪ್ ಕೆಲಸ ಮುಗಿದ ಮೇಲೆ ಮಾಸ್ಟರ್ ಸ್ವಿಚ್ ಆಫ್. ನಮ್ಮ ಕಡೆ ಆದರೆ ಕೊಯ್ಲಾದ ರಾಗಿ, ಕಡಲೆಕಾಯಿ ಹೊಲ ಒಳ್ಳೆಯದು. ಗದ್ದೆಯಾದರೆ ಬದುವಿಗೆ ಅಡ್ಡವಾಗಿ ಬೇಡ, ಬದುವಿನ ಉದ್ದಕ್ಕೆ. ಕಬ್ಬು, ಅಡಿಕೆ, ತೆಂಗಿನ ತೋಟ ಬೇಡವೇ ಬೇಡ. ಕರೆಂಟ್ ತಂತಿ ಕಾಣುವುದಿಲ್ಲ, ಕಂಬ ಕಾಣುತ್ತದೆ. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ಹಿಡಿಯಿರಿ.

ಆರಿಸಿದ ಹೊಲಕ್ಕೆ ಎಟುಕುವುದಿಲ್ಲ ಅನ್ನಿಸಿದಾಗ ಕೈ ತಾನಾಗಿ ಮೂತಿ ಎತ್ತಲು ಹೋಗುತ್ತದೆ. ಅದೇ ಪ್ರಾಣ ತೆಗೆಯುವುದು. ವೇಗ ಬಿದ್ದು ಸ್ಟಾಲ್ ಆಗಿ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಶಕ್ತಿ ಕಳೆದುಕೊಂಡು, ಕಲ್ಲಿನ ಹಾಗೆ ಬೀಳುವುದಕ್ಕಿಂತ, ರೆಕ್ಕೆ ಸಮವಾಗಿಟ್ಟುಕೊಂಡು ಹತ್ತಿರದ ಕೆಟ್ಟ ಹೊಲಕ್ಕೆ ನಿಧಾನವಾಗಿ ಇಳಿಯುವುದು ವಾಸಿ. ವಿಮಾನ ಹೋದರೆ ಇನ್ಷೂರೆನ್ಸ್‌ನವರದು.

ಹಂತ 10: ಇಳಿದ ಮೇಲೂ ಒಂದು ಕೆಲಸ

ಬಂದು ನಿಲ್ಲಿಸಿದ ಮೇಲೆ ಮತ್ತೆ ಕಡ್ಡಿ ಅದ್ದಿ. ಎಷ್ಟು ಉಳಿದಿರಬೇಕಿತ್ತು, ಎಷ್ಟು ಉಳಿದಿದೆ, ಎರಡನ್ನೂ ಬರೆಯಿರಿ. ಮುಂದೆ ತುಂಬಿಸಿದಾಗ ಬೌಸರ್‌ನ ಮೀಟರ್ ಅಂಕಿಯನ್ನೂ ಪಕ್ಕದಲ್ಲಿ ಹಾಕಿ. ಹತ್ತು ಹಾರಾಟಕ್ಕೆ ಹೀಗೆ ಮಾಡಿದರೆ ಆ ವಿಮಾನ, ನಿಮ್ಮ ಕೈಯಲ್ಲಿ, ಗಂಟೆಗೆ ಎಷ್ಟು ಕುಡಿಯುತ್ತದೆ ಅಂತ ಕೈಪಿಡಿಗಿಂತ ಚೆನ್ನಾಗಿ ಗೊತ್ತಾಗುತ್ತದೆ. ಒಂದೇ ಸಲ ಹತ್ತು ಲೀಟರ್ ವ್ಯತ್ಯಾಸ ಬಂದರೆ ಮೆಕ್ಯಾನಿಕ್‌ಗೆ ಹೇಳಿ.

ಇಳಿಜಾರಿನಲ್ಲಿ ನಿಲ್ಲಿಸಿದ್ದರೆ ಸೆಲೆಕ್ಟರನ್ನು 'ಎರಡೂ'ದಿಂದ ಒಂದು ಪಕ್ಕಕ್ಕೆ ತಿರುಗಿಸಿಡಿ. ಇಲ್ಲದಿದ್ದರೆ ರಾತ್ರಿಯಿಡೀ ಮೇಲಿನ ರೆಕ್ಕೆಯದು ಕೆಳಗಿನ ರೆಕ್ಕೆಗೆ ಹರಿದು, ಅಲ್ಲಿಂದ ವೆಂಟ್ (ಟ್ಯಾಂಕಿನ ಗಾಳಿಕಿಂಡಿ) ಮೂಲಕ ನೆಲಕ್ಕೆ ತೊಟ್ಟಿಕ್ಕುತ್ತದೆ. ಬೆಳಗ್ಗೆ ಬಂದವನಿಗೆ ಕಾಂಕ್ರೀಟ್ ಮೇಲೆ ಒಂದು ನೀಲಿ ಕಲೆ ಮಾತ್ರ ಕಾಣುತ್ತದೆ.